ಸುರಗಿಯ ಹಾಡೂ ನನ್ನ ಹಳೆಯ ಕಂಪ್ಯೂಟರೂ

ನಾಚಿಕೆಯಲ್ಲಿಯೂ ದರ್ಜೆಗಳಿವೆ ಎಂಬುದು ನನಗೆ ಈಚೆಗೆ ಗೊತ್ತಾದ ಸಂಗತಿ. ಅಂಗಿಯ ಗುಂಡಿ ಮೇಲೆಕೆಳಗೆ ಹಾಕಿಕೊಂಡು ಶಾಲೆಗೆ ಹೋದಾಗ ಆಗುವುದು ಸಣ್ಣ ನಾಚಿಕೆ. ಮನೆಗೆ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಜಮಖಂಡಿ ಬಸ್ಸಿನಲ್ಲಿ ನನ್ನ ಹೆಂಡತಿಯೆಂದು ತಿಳಿದು ಯಾರದೋ ಹೆಂಡತಿಗೆ ‘ಏಳು, ಊರು ಬಂತು’ ಎಂದುಬಿಟ್ಟಾಗ ಆದದ್ದು ನಡುವಿನದು. ಅದು ಒಂದು ವಾರ ಬಾಳಿತು. ಆದರೆ ಯಾವುದನ್ನು ನಾವು ಬಲ್ಲೆವೆಂದು ಓಣಿಗೆ ಓಣಿಯೇ ನಂಬಿದೆಯೋ ಅದೇ ವಿಷಯದಲ್ಲಿ, ಅದೂ ಅತ್ತೆಯ ಎದುರಿಗೆ, ಸಿಕ್ಕಿಬೀಳುವುದಿದೆಯಲ್ಲ, ಅದಕ್ಕೆ ದರ್ಜೆಯೇ ಇಲ್ಲ. ಆ ನಾಚಿಕೆಯನ್ನು ನಾನು ಈಗ ಅನುಭವಿಸುತ್ತಿದ್ದೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಜೀರ್ಣವಾಗುತ್ತಿಲ್ಲ, ಆದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಾನು ರಬಕವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ. ಮನೆ ಬನಹಟ್ಟಿಯಲ್ಲಿ, ನೇಕಾರರ ಓಣಿಯಲ್ಲಿ. ಈ ಓಣಿಗೆ ಎಲ್ಲರಿಗಿಂತ ಮೊದಲು ಕಂಪ್ಯೂಟರ್ ತಂದವನು ನಾನು. ಮೊದಲು ತಂದವನೇ ಬಲ್ಲವನೆಂದು ಜನ ತಿಳಿದರು. ನಾನು ತಿದ್ದುವ ಗೋಜಿಗೆ ಹೋಗಲಿಲ್ಲ. ಹಾಗೆ ನೋಡಿದರೆ ನನಗೆ ಬರುವ ವಿದ್ಯೆ ಒಂದೇ: ಬಂದ್ ಮಾಡಿ ಮತ್ತೆ ಹಚ್ಚುವುದು. ಆದರೆ ಅದನ್ನು ಮಾಡುವ ಮೊದಲು ಹುಬ್ಬು ಗಂಟಿಕ್ಕಬೇಕು, ಕನ್ನಡಕ ಹಣೆಗೇರಿಸಬೇಕು, ‘ಹೂಂ, ಹಿಂಗೈತೇನು’ ಎಂದು ನಮಗೆ ನಾವೇ ಅಂದುಕೊಳ್ಳಬೇಕು. ಇಷ್ಟು ಮಾಡಿದರೆ ಅರ್ಧ ಯಂತ್ರಗಳು ತಾವಾಗಿಯೇ ಸರಿಹೋಗುತ್ತವೆ. ಸರಿಹೋಗದಿದ್ದರೆ ‘ಇದರ ಪಾರ್ಟ್ ಈಗ ಸಿಗಂಗಿಲ್ಲ’ ಎಂದು ಹೇಳಿ ಚಹ ಕುಡಿದು ಎದ್ದು ಬರಬಹುದು. ಇಷ್ಟು ವರ್ಷ ನನ್ನ ಮರ್ಯಾದೆ ನಡೆದುಬಂದದ್ದು ಹೀಗೆ.

ನನ್ನ ಕಂಪ್ಯೂಟರಿಗೂ ವಯಸ್ಸಾಯಿತು. ಅದರ ಪರದೆಯ ಬೆನ್ನು ಎಷ್ಟು ದೊಡ್ಡದೆಂದರೆ ಚಳಿಗಾಲದಲ್ಲಿ ನಮ್ಮ ಬೆಕ್ಕು ಅದರ ಮೇಲೆ ಕಾಲು ಚಾಚಿ ಮಲಗುತ್ತದೆ. ಹಚ್ಚಿದ ಮೇಲೆ ಅದು ಎಚ್ಚರಗೊಳ್ಳುವಷ್ಟರಲ್ಲಿ ಒಂದು ಸ್ನಾನ ಮುಗಿಸಬಹುದು. ಮಗಳು ಶ್ವೇತಾ ಅದನ್ನು ಗುಜರಿಗೆ ಹಾಕೆಂದು ಹೇಳುತ್ತಲೇ ಇದ್ದಳು. ‘ಸಿಡಿ ಹಾಕೂ ತೂತು ಇರೂದು ಈಗ ಇದೊಂದಕ್ಕ ಐತಿ’ ಎಂಬುದು ನನ್ನ ಖಾಯಂ ವಾದವಾಗಿತ್ತು. ‘ಸಿಡಿ ಯಾರ್ ನೋಡ್ತಾರಪ್ಪಾ’ ಎಂಬುದು ಅವಳದು. ಅವಳ ಮದುವೆಯೇ ನನ್ನ ವಾದವನ್ನು ಗೆಲ್ಲಿಸೀತೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಶ್ವೇತಾಳನ್ನು ಚಿಮ್ಮಡದ ಹುಡುಗನಿಗೆ ಕೊಡುವುದೆಂದು ನಿಶ್ಚಯವಾಯಿತು. ನಮ್ಮಲ್ಲಿ ಮದುವೆಯೆಂದರೆ ಸುರಗಿ ಸುತ್ತಲೇಬೇಕು. ನಾಲ್ಕು ಮೂಲೆಗೆ ನಾಲ್ಕು ನೀರಿನ ಕೊಡ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಅರಿಶಿನ ಹಚ್ಚಿ ನೀರು ಹಾಕುತ್ತಾರೆ. ಹೆಂಗಸರು ಹಾಡು ಹೇಳುತ್ತಾರೆ. ಸಾವಳಗಿಯ ನನ್ನ ಅತ್ತೆಯವರದೊಂದು ಹಾಡು ಇದೆ. ಅವರ ತಾಯಿಯಿಂದ ಬಂದದ್ದು, ಬೇರೆ ಯಾರಿಗೂ ಬಾರದು. ಒಂದೊಂದು ಕೊಡಕ್ಕೆ ಒಂದೊಂದು ನುಡಿ, ಆ ಕೊಡದ ನೀರು ಎಲ್ಲಿಂದ ಬಂತು ಎಂಬ ವಿವರ. ಮೊದಲನೆಯದು ಕೃಷ್ಣೆಯದು, ಎರಡನೆಯದು ಘಟಪ್ರಭೆಯದು, ಮೂರನೆಯದು ತವರುಮನೆಯ ಬಾವಿಯದು. ನಾಲ್ಕನೆಯದು ಎಲ್ಲಿಯದು ಎಂಬುದು ಅತ್ತೆಯವರಿಗೆ ಮರೆತುಹೋಗಿತ್ತು. ಹೋದ ವರ್ಷ ಅವರು ಜ್ವರ ಬಂದು ಬಹಳ ದಿನ ಮಲಗಿದ್ದರು. ಎದ್ದ ಮೇಲೆ ಎಲ್ಲ ನೆನಪಿತ್ತು, ಯಾರು ಯಾರಿಗೆ ಯಾವ ಸೀರೆ ಉಡಿಸಿದರೆಂಬುದೂ ನೆನಪಿತ್ತು, ಆ ನುಡಿ ಒಂದು ಇರಲಿಲ್ಲ.

‘ಮೂರ್ ಕೊಡಕ್ಕ ಹಾಡಿ ನಾಕನೇದ್ದಕ್ಕ ಬಾಯಿ ಮುಚ್ಚಿ ನಿಂದ್ರೂದು ಹೆಂಗವಾ’ ಎಂದು ಅವರು ಮೊಮ್ಮಗಳ ಕೈ ಹಿಡಿದು ಹೇಳಿದರು. ‘ನಮ್ಮವ್ವ ನನ್ನ ಕೈಯಾಗ ಕೊಟ್ಟಿದ್ಲು. ನಾ ಕಳದ ಬಿಟ್ಟೆ.’

ಆಗ ನನ್ನ ಹೆಂಡತಿ ಮಹಾದೇವಿಗೆ ಹೊಳೆಯಿತು. ನಮ್ಮ ಮದುವೆಯಲ್ಲಿ ಅತ್ತೆಯವರು ಇದೇ ಹಾಡು ಹೇಳಿದ್ದರು. ಆ ಮದುವೆಯ ವಿಡಿಯೊ ಸಿಡಿಯಲ್ಲಿದೆ, ಸಿಡಿ ದೇವರ ಜಗಲಿಯ ಪಕ್ಕದ ಗೂಡಿನಲ್ಲಿದೆ. ಎಲ್ಲರೂ ನನ್ನ ಮುಖ ನೋಡಿದರು. ಶ್ವೇತಾ, ‘ಅಪ್ಪಾ, ಫೋಟೊ ಸ್ಟುಡಿಯೊದಾಗ ಕೊಟ್ಟ್ರ ಪೆನ್‌ಡ್ರೈವಿಗೆ ಹಾಕಿ ಕೊಡ್ತಾರ’ ಎಂದಳು. ಮನೆಯಲ್ಲಿ ನಾನಿರುವಾಗ ಸ್ಟುಡಿಯೊಕ್ಕೆ ಕೊಡುವುದೆಂದರೇನು? ಹುಬ್ಬು ಗಂಟಿಕ್ಕಿ, ‘ಅದೇನ್ ದೊಡ್ಡ ಮಾತು, ನಾ ಹಚ್ಚತೇನಿ’ ಎಂದೆ. ಅತ್ತೆಯವರು ಸಮಾಧಾನದಿಂದ ಉಸಿರು ಬಿಟ್ಟರು. ಆ ಉಸಿರು ನೆನೆದರೆ ಈಗಲೂ ನನಗೆ ತಲೆ ಎತ್ತಲು ಆಗುವುದಿಲ್ಲ.

ಸಿಡಿ ಹಾಕಿದೆ. ಚಿತ್ರ ಬಂತು, ಧ್ವನಿ ಬರಲಿಲ್ಲ. ಅತ್ತೆಯವರು ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಅಷ್ಟೆ. ಅರ್ಧ ದಿನ ಆ ತಂತಿ ಈ ತಂತಿ ಕಿತ್ತು ಹಾಕಿದ ಮೇಲೆ ಸ್ಪೀಕರಿನ ಗುಂಡಿಯನ್ನು ಯಾರೋ ಪೂರ್ತಿ ಇಳಿಸಿಟ್ಟದ್ದು ಕಂಡಿತು. ಇಳಿಸಿದವನು ನಾನೇ, ಯಾರಿಗೂ ಹೇಳಲಿಲ್ಲ. ಮುಂದೆ ಧ್ವನಿ ಬಂತು, ಆದರೆ ಚಿತ್ರಕ್ಕಿಂತ ಮುಂಚೆ ಬಂತು. ಸ್ವಾಮಿಗಳು ಮಂತ್ರ ಮುಗಿಸಿದ ಮೇಲೆ ಬಾಯಿ ತೆರೆಯುತ್ತಿದ್ದರು, ಬ್ಯಾಂಡು ಬಾರಿಸಿ ಆದ ಮೇಲೆ ಬ್ಯಾಂಡಿನವರು ಕೋಲು ಎತ್ತುತ್ತಿದ್ದರು. ಈ ಪ್ಲೇಯರ್ ಸರಿಯಿಲ್ಲವೆಂದು ಇನ್ನೊಂದನ್ನು ಇಳಿಸಿಕೊಂಡೆ. ಅದರಲ್ಲಿ ನಮ್ಮ ಬೀಗರೆಲ್ಲ ಹಸಿರು ಬಣ್ಣಕ್ಕೆ ತಿರುಗಿದರು. ಅದಕ್ಕೊಂದು ಕೋಡೆಕ್ ಬೇಕೆಂದು ಪರದೆ ಹೇಳಿತು. ಕೋಡೆಕ್ ಹಾಕಲು ಹೋದರೆ ವಿಂಡೋಸ್ ಹೊಸದು ಬೇಕೆಂದಿತು. ಹೊಸದು ಹಾಕಲು ನೋಡಿದರೆ ಮೆಮೊರಿ ಸಾಲದೆಂದಿತು. ನಮ್ಮ ಇಲಾಖೆಯಲ್ಲಿ ರಜೆ ಮಂಜೂರು ಮಾಡಿಸಿಕೊಂಡ ಅನುಭವ ಇದ್ದುದರಿಂದ ಈ ಅಲೆದಾಟ ನನಗೆ ಹೊಸದೆನಿಸಲಿಲ್ಲ.

ಕೊನೆಗೆ ಹಳೆಯ ಪ್ಲೇಯರಿಗೇ ಮರಳಿ ಬಂದೆ. ಅದು ಸ್ವಲ್ಪ ಓಡುವುದು, ನಿಲ್ಲುವುದು. ನಿಂತಾಗಲೆಲ್ಲ ಒಂದು ಇಂಗ್ಲಿಷ್ ವಾಕ್ಯ ಬರುವುದು.

‘ಏನಂತೈತ್ರಿ ಅದು’ ಎಂದು ಅತ್ತೆಯವರು ಕೇಳಿದರು.

‘ಉತ್ತರ ಕೊಡಾಕತ್ತಿಲ್ಲ ಅಂತೈತ್ರಿ ಅತ್ತಿಯವರ.’

‘ಸಿಟ್ಟಿಗೆದ್ದು ಕೇಳಿದ್ರ ಯಾರ್ ಕೊಡ್ತಾರ್ರಿ. ಸಮಾಧಾನಲೇ ಕೇಳ್ರಿ.’

ಸಮಾಧಾನದಿಂದ ಕೇಳಲು ಇನ್ನೊಂದು ತೊಡಕಿತ್ತು. ನಮ್ಮ ಎಡಕ್ಕೂ ಬಲಕ್ಕೂ ಪಾವರ್‌ಲೂಮುಗಳು. ಬೆಳಗಿನಿಂದ ಖಟಖಟ, ಖಟಖಟ. ನಮಗೆ ಅದು ಕೇಳಿಸುವುದೇ ಇಲ್ಲ, ಅಷ್ಟು ರೂಢಿ. ಆದರೆ ಹಾಡಿನ ಒಂದು ಮಾತು ಹಿಡಿಯಲು ಕುಳಿತಾಗ ಅದೊಂದೇ ಕೇಳಿಸುತ್ತದೆ. ಕರೆಂಟು ಹೋದಾಗ ಮಗ್ಗ ನಿಲ್ಲುತ್ತವೆ, ಓಣಿ ತಣ್ಣಗಾಗುತ್ತದೆ, ಸೂಜಿ ಬಿದ್ದರೂ ಕೇಳೀತು. ಆಗ ಕಂಪ್ಯೂಟರೂ ನಿಂತಿರುತ್ತದೆ. ವಿಜ್ಞಾನದ ಮಾಸ್ತರನಾದ ನಾನು ಈ ಸಂಬಂಧವನ್ನು ತಿಳಿದುಕೊಳ್ಳುವ ಮೊದಲು ಕರೆಂಟು ಹೋದಾಗಲೆಲ್ಲ ಖುಷಿಯಿಂದ ಓಡಿ ಹೋಗಿ ಕುರ್ಚಿಯಲ್ಲಿ ಕುಳಿತದ್ದುಂಟು.

ಕಡೆಗೆ ಅಮಾವಾಸ್ಯೆಯ ದಿನ ಗೊತ್ತುಮಾಡಿದೆವು; ಅಂದು ನಮ್ಮ ಓಣಿಯಲ್ಲಿ ಮಗ್ಗ ನಡೆಸುವುದಿಲ್ಲ. ಹಾಡು ಕಲಿತುಕೊಳ್ಳಲಿ ಎಂದು ಮಹಾದೇವಿ ಓಣಿಯ ಹೆಂಗಸರನ್ನೆಲ್ಲ ಕರೆದಳು. ಅದು ಬೇಡವೆಂದು ನಾನು ಹೇಳಬಹುದಿತ್ತು. ಆದರೆ ಹೇಳುವುದೆಂದರೆ ಕಾರಣ ಕೊಡಬೇಕಾಗುತ್ತಿತ್ತು. ಅವರು ಜಮಖಾನದ ಮೇಲೆ ಒತ್ತಾಗಿ ಕುಳಿತರು, ಚೂಡಾ ತಿಂದರು, ಪರದೆಯಲ್ಲಿ ಹರೆಯದ ಬೀಗರನ್ನು ಕಂಡು ನಕ್ಕರು. ಸುರಗಿ ಬಂತು. ಕೃಷ್ಣೆಯ ನುಡಿ ಬಂತು, ಘಟಪ್ರಭೆಯದು ಬಂತು. ಅತ್ತೆಯವರು ತಮ್ಮ ಹರೆಯದ ಧ್ವನಿ ಕೇಳಿ ಸೆರಗು ಬಾಯಿಗೆ ಒತ್ತಿಕೊಂಡರು. ತವರಿನ ಬಾವಿಯ ನುಡಿ ಅರ್ಧಕ್ಕೆ ಬಂದಾಗ ಚಿತ್ರ ಗಕ್ಕನೆ ನಿಂತಿತು. ಬಂದ್ ಮಾಡಿ ಹಚ್ಚಿದೆ. ಅಲ್ಲಿಗೇ ಬಂದು ನಿಂತಿತು. ಮತ್ತೆ ಬಂದ್ ಮಾಡಿದೆ, ಮತ್ತೆ ಹಚ್ಚಿದೆ.

‘ಹಳೇ ಸಾಫ್ಟ್‌ವೇರ್ ನೋಡ್ರಿ, ಇದಕ್ಕ ತಡಕೊಳ್ಳಾಕ ಆಗೂದಿಲ್ಲ’ ಎಂದೆ. ಸಾಲದೆಂದು, ‘ಮುಧೋಳದಿಂದ ಬಂದಿದ್ದ ಆ ವಿಡಿಯೊದವ ಸಿಡಿನ ಸರಿ ಮಾಡಿ ಕೊಟ್ಟಿಲ್ಲ’ ಎಂದೂ ಸೇರಿಸಿದೆ. ಹೆಂಗಸರು ನಿಜವಿರಬೇಕೆಂಬಂತೆ ತಲೆಯಾಡಿಸಿದರು.

ಮಹಾದೇವಿ ಎದ್ದು ಬಂದು ಸಿಡಿಯನ್ನು ಹೊರಗೆ ತೆಗೆದಳು. ತಿರುವಿ ನೋಡಿದಳು. ಬಹಳ ಹೊತ್ತು ನೋಡಿದಳು.

‘ರೀ, ಇದಕ್ಕ ಈಬತ್ತಿ ಹಚ್ಚಿದವರ್ಯಾರು?’

ಇದನ್ನು ವಿವರಿಸಬೇಕು. ಮಹಾನವಮಿಗೆ ನಮ್ಮ ಓಣಿಯಲ್ಲಿ ಮಗ್ಗ, ಲಾಳಿ, ಕತ್ತರಿ, ಎಲ್ಲಕ್ಕೂ ಪೂಜೆ. ನಮ್ಮ ಮನೆಯಲ್ಲಿ ಮಗ್ಗವಿಲ್ಲ. ನಾನು ಕಂಪ್ಯೂಟರಿಗೆ ಪೂಜೆ ಮಾಡುತ್ತೇನೆ. ಪರದೆಗೆ ಚೆಂಡುಹೂವು, ಕೀಬೋರ್ಡಿಗೆ ಕುಂಕುಮ. ನಮ್ಮ ಮದುವೆಯ ಸಿಡಿ ಎಂದ ಮೇಲೆ ಅದಕ್ಕೂ ಭಕ್ತಿಯಿಂದ ಮೂರು ಬೆರಳು ವಿಭೂತಿ ಎಳೆಯುತ್ತಿದ್ದೆ. ಹೆಸರು ಬರೆದ ಕಡೆ ಎಳೆದರೆ ಅಕ್ಷರ ಮುಚ್ಚಿಹೋಗುತ್ತವೆ, ಹೊಳೆಯುವ ಕಡೆ ಏನೂ ಬರೆದಿಲ್ಲ, ಖಾಲಿಯಿದೆ ಎಂದು ಆ ಕಡೆ ಎಳೆಯುತ್ತಿದ್ದೆ. ಮಕ್ಕಳಿಗೆ ಬೆಳಕಿನ ಪ್ರತಿಫಲನ ಹೇಳಿಕೊಡುವವನು ನಾನು. ಪ್ರತಿ ವರ್ಷವೂ ಹೇಳುತ್ತೇನೆ, ಪ್ರತಿ ವರ್ಷವೂ ಎಳೆದಿದ್ದೇನೆ.

ಜಮಖಾನದ ಮೇಲೆ ಯಾರೂ ನಗಲಿಲ್ಲ. ವಿಭೂತಿ ಅಲ್ಲವೇ, ನಗುವುದು ಹೇಗೆಂದು ತಡೆದುಕೊಂಡರು. ನಕ್ಕಿದ್ದರೆ ಚೆನ್ನಾಗಿತ್ತು. ನಾನು ಕಿವಿಯವರೆಗೆ ಬಿಸಿಯಾಗಿ, ಗೋಡೆಯ ಕ್ಯಾಲೆಂಡರನ್ನು ಓದುತ್ತ ನಿಂತೆ. ಮಹಾದೇವಿ ಹಳೆಯ ಮೆತ್ತನೆಯ ಸೀರೆಯ ತುಂಡನ್ನು ನೀರಿನಲ್ಲಿ ಹಿಂಡಿ, ಕೂಸಿನ ಮುಖ ಒರೆಸಿದ ಹಾಗೆ ಸಿಡಿಯನ್ನು ಒರೆಸಿ ಒಳಗೆ ತಳ್ಳಿದಳು. ಅದು ಗುರುಗುಟ್ಟಿತು, ಓಡಿತು. ಬಾವಿಯ ನುಡಿ ಪೂರ್ತಿ ಮುಗಿಯಿತು. ಎಲ್ಲರೂ ಮುಂದಕ್ಕೆ ಸರಿದರು. ಅತ್ತೆಯವರು ಕಣ್ಣು ಮುಚ್ಚಿ ಕೈ ಜೋಡಿಸಿದರು. ನಾಲ್ಕನೆಯ ಕೊಡಕ್ಕೆ ಧ್ವನಿ ಎತ್ತಿಕೊಂಡದ್ದು ಕೇಳಿತು.

‘ಏ ತಮ್ಮಾ, ಮೈಕ್ ಇತ್ತಾಗ ಹಿಡಿಯೋ. ಹಂಗ ಹಿಡಿದ್ರ ಸೌಂಡ್ ಸರಿ ಬರಂಗಿಲ್ಲ.’

ಹಾಡಿನ ಮೇಲೆ ಒಂದು ಗಂಡು ಧ್ವನಿ. ಪರದೆಯಲ್ಲಿ ಅರಿಶಿನ ಬಳಿದುಕೊಂಡು ಒದ್ದೆ ಪಂಚೆಯಲ್ಲಿ ಕುಳಿತ ಮದುಮಗ ಕ್ಯಾಮೆರಾದ ಕಡೆ ಬೆರಳು ತೋರಿಸುತ್ತಿದ್ದ. ಅವನು ಅಷ್ಟಕ್ಕೆ ಬಿಡಲಿಲ್ಲ. ಆ ವಯರು ಅಲ್ಲಿ ಬೇಡವೆಂದ, ಲೈಟು ಎತ್ತರ ಮಾಡೆಂದ, ಸೌಂಡ್ ಚೆಕ್ ಮಾಡಿದಿಯೇನು ಎಂದ. ಅವನ ಪಕ್ಕದಲ್ಲಿ ಮದುಮಗಳು ಮಹಾದೇವಿ ತಲೆತಗ್ಗಿಸಿ ಕುಳಿತಿದ್ದಳು. ಅವನ ಮಾತು ಮುಗಿಯುವಷ್ಟರಲ್ಲಿ ಹಾಡೂ ಮುಗಿದಿತ್ತು. ಕೊಡದ ನೀರು ಅವನ ತಲೆಯ ಮೇಲೆ ಬಿತ್ತು, ಆದರೆ ಆ ನೀರು ಎಲ್ಲಿಯದೆಂಬುದು ಯಾರಿಗೂ ಕೇಳಲಿಲ್ಲ.

ಕಂಪ್ಯೂಟರ್ ಸರಿಯಾಗಿತ್ತು. ಪ್ಲೇಯರ್ ಸರಿಯಾಗಿತ್ತು. ಮುಧೋಳದವನ ಮೈಕೂ ಸರಿಯಾಗಿಯೇ ಇತ್ತು. ಇಷ್ಟು ಸ್ಪಷ್ಟವಾಗಿ ನನ್ನ ಒಂದೊಂದು ಅಕ್ಷರವನ್ನೂ ಹಿಡಿದಿತ್ತು. ಬಂದ್ ಮಾಡಿ ಮತ್ತೆ ಹಚ್ಚಿದರೆ ಹೋಗುವ ದೋಷ ಇದಲ್ಲ. ಒಬ್ಬ ಮುದುಕಿ ತಾಯಿಯಿಂದ ಪಡೆದ ಹಾಡನ್ನು ನನ್ನ ಜಾಣತನ ನುಂಗಿಹಾಕಿತ್ತು. ನಿಜವಾಗಿ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅಳು ಬಂತು. ಕ್ಯಾಲೆಂಡರಿನ ಅಕ್ಷರಗಳು ಕಲಸಿಹೋದವು.

‘ಅತ್ತಿಯವರ, ತಪ್ಪಾತ್ರಿ’ ಎಂದೆ.

ಅವರಿಗೆ ನನ್ನ ಕಡೆ ಲಕ್ಷ್ಯವಿರಲಿಲ್ಲ. ಪರದೆಯನ್ನೇ ದಿಟ್ಟಿಸುತ್ತ, ಸಿಟ್ಟಿನಿಂದ, ‘ಇನ್ನೊಮ್ಮೆ ಹಚ್ಚ್ರಿ’ ಎಂದರು. ಹಚ್ಚಿದೆ. ಮದುಮಗ ಮತ್ತೆ ಬಾಯಿ ಹಾಕಿದ. ‘ಸುಮ್ ಕುಂದರಪಾ’ ಎಂದು ಅತ್ತೆಯವರು ಪರದೆಗೆ ಗದರಿದರು. ಗದರಿದ ಬಿಸಿಯಲ್ಲಿಯೇ, ಅವನ ಧ್ವನಿಯ ಮೇಲೆ ಧ್ವನಿ ಎತ್ತಿ, ನಾಲ್ಕನೆಯ ನುಡಿಯನ್ನು ತಾವೇ ಹಾಡಿಬಿಟ್ಟರು. ನಾಲ್ಕನೆಯ ಕೊಡದ ನೀರು ನೆರೆಮನೆಯದು. ಮನೆಯ ನೀರು ತೀರಿದಾಗ ನೆರೆಯವಳು ಕೇಳದೆಯೇ ತುಂಬಿ ತಂದಿಟ್ಟ ಕೊಡ. ಹಾಡಿ ಮುಗಿಸಿದ ಮೇಲೆ ತಾವು ಹಾಡಿದೆವೆಂಬುದು ಅವರಿಗೆ ಗೊತ್ತಾಯಿತು. ಜಮಖಾನದ ಮೇಲಿನ ಹೆಂಗಸರಲ್ಲಿ ಕೆಲವರು ಕಣ್ಣೊರೆಸಿಕೊಂಡರು, ಉಳಿದವರು ‘ಇನ್ನೊಮ್ಮೆ, ಇನ್ನೊಮ್ಮೆ’ ಎಂದರು. ಆಮೇಲೆ ಆ ಸಿಡಿಯನ್ನು ಎಷ್ಟು ಸಲ ಹಚ್ಚಿದೆವೋ ಲೆಕ್ಕವಿಲ್ಲ. ನನ್ನ ಉಪದೇಶ ಬಂದಾಗಲೇ ಅತ್ತೆಯವರಿಗೆ ಸಿಟ್ಟು ಬರುವುದು, ಸಿಟ್ಟು ಬಂದಾಗಲೇ ನುಡಿ ಬರುವುದು. ಹೆಂಗಸರು ಹಾಡನ್ನು ಹಾಗೆಯೇ ಕಲಿತರು.

ಹಾಗೆಯೇ ಎಂದರೆ ಹಾಗೆಯೇ. ಶ್ವೇತಾಳ ಸುರಗಿಯ ದಿನ ನೂಲು ಸುತ್ತಿದರು, ಮದುಮಕ್ಕಳನ್ನು ಕೂರಿಸಿದರು, ನಾನು ಚಿಮ್ಮಡದ ಬೀಗರ ಪಕ್ಕದಲ್ಲಿ ಗಂಭೀರವಾಗಿ ನಿಂತಿದ್ದೆ. ಮೂರು ಕೊಡ ಆದವು. ನಾಲ್ಕನೆಯದಕ್ಕೆ ಹಾಡು ಒಮ್ಮೆಲೆ ನಿಂತಿತು. ಇಡೀ ಓಣಿಯ ಹೆಂಗಸರು, ನಡುವೆ ಅತ್ತೆಯವರು, ಒಂದೇ ರಾಗದಲ್ಲಿ, ‘ಏ ತಮ್ಮಾ, ಮೈಕ್ ಇತ್ತಾಗ ಹಿಡಿಯೋ, ಹಂಗ ಹಿಡಿದ್ರ ಸೌಂಡ್ ಸರಿ ಬರಂಗಿಲ್ಲ’ ಎಂದು ಹೇಳಿ, ಆಮೇಲೆ ನೆರೆಮನೆಯ ನೀರಿಗೆ ಬಂದರು. ಬೀಗರು ಏನೆಂದು ಕೇಳಿದರು. ‘ಅದು ನಮ್ಮ ಕಡೆ ಪದ್ಧತಿರಿ’ ಎಂದೆ. ಅರಿಶಿನದಲ್ಲಿ ಕುಳಿತಿದ್ದ ನನ್ನ ಮಗಳು ನಗು ತಡೆಯಲಾರದೆ ನೂಲು ಹರಿದುಕೊಂಡಳು.

ಈ ಸಲದ ವಿಡಿಯೊ ಸಿಡಿಯಲ್ಲಿಲ್ಲ. ಫೋನಿನಿಂದ ಫೋನಿಗೆ ಹೋಗಿದೆ; ಸಾವಳಗಿ ಮುಟ್ಟಿದೆ, ಬೀಳಗಿಯ ನಮ್ಮ ತಂಗಿಯ ಮನೆ ಮುಟ್ಟಿದೆ. ಎಲ್ಲಿಯಾದರೂ ನಿಂತೀತೆಂದು, ಯಾರದಾದರೂ ಹಳೆಯ ಫೋನಿನಲ್ಲಿ ಧ್ವನಿ ಹಿಂದುಮುಂದಾದೀತೆಂದು ಆಸೆಯಿಂದ ಕಾದೆ. ನಿನ್ನೆ ಚಿಮ್ಮಡದ ಬೀಗರು ಫೋನ್ ಮಾಡಿದ್ದರು. ‘ವಿಡಿಯೊ ಬಂತ್ರಿ ಮಾಸ್ತರ. ಎಲ್ಲೂ ಸಿಗಬೀಳಲಿಲ್ಲ. ಆ ಪದ್ಧತಿ ಮಾತಂತೂ ಭಾಳ ಸ್ವಚ್ಛ ಕೇಳತೈತಿ. ಈಗ ನಮ್ಮ ಕಡೆ ಹೆಣ್ಮಕ್ಕಳೂ ಕಲಿಯಾಕತ್ತಾರ.’