ಎರಡಕ್ಕೂ ಮೂರಕ್ಕೂ ನಡುವೆ ನನ್ನ ನಾದಿನಿ

ನನ್ನ ನಾದಿನಿಯ ಕೈಗೆ ಸಿಕ್ಕ ವಸ್ತು ಕೆಳಗೆ ಬಿದ್ದ ಇತಿಹಾಸವಿಲ್ಲ. ಆದರೆ ಅವಳ ಕೈಯಿಂದ ಹೊರಟ ವಸ್ತುವಿನ ಎದುರು ಇದ್ದವರ ಕಥೆ ಬೇರೆ! ಮದುವೆಯಾಗಿ ಪೀಣ್ಯದ ಈ ಮನೆಗೆ ಬಂದ ಮೂರನೇ ದಿನ, ಅಡುಗೆಮನೆಯಲ್ಲಿ "ಒಂದು ಈರುಳ್ಳಿ ಕೊಡಮ್ಮ" ಎಂದು ಕೇಳಿದ ತಪ್ಪಿಗೆ ನನಗದು ತಿಳಿಯಿತು. ಈರುಳ್ಳಿ ನನ್ನ ಕಿವಿ ಸವರಿಕೊಂಡು ಹೋಗಿ ಕುಕ್ಕರಿಗೆ ಬಡಿಯಿತು. ಕುಕ್ಕರು ಹೆದರಿ ವಿಷಲ್ ಹಾಕಿಬಿಟ್ಟಿತು!

"ಹಿಡೀಬೇಕಿತ್ತು ಅತ್ತಿಗೆ ನೀವು. ಔಟ್ ಮಿಸ್ಸಾಯ್ತು!" ಎಂದಳು.

ಅವಳು ಕಾಲೇಜಿನ ಸಾಫ್ಟ್‌ಬಾಲ್ ತಂಡದ ಶಾರ್ಟ್‌ಸ್ಟಾಪ್. ಓಡುವವಳು ಒಂದೊಂದಾಗಿ ಮುಟ್ಟಬೇಕಾದ ಬೇಸುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬಗ್ಗಿ ನಿಂತು, ಬ್ಯಾಟಿನಿಂದ ಸಿಡಿದು ಬರುವ ಚೆಂಡನ್ನು ತಡೆದು, ಓಡುವವಳು ಮುಟ್ಟುವುದರೊಳಗೆ ಮೊದಲ ಬೇಸಿಗೆ ಎಸೆಯುವ ಕೆಲಸ. ಕಾರ್ಖಾನೆಯಿಂದ ನಿವೃತ್ತರಾದ ನನ್ನ ಮಾವನವರಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ಪಂದ್ಯ.

"ಶಾರ್ಟ್ ಸ್ಟಾಪ್ ಅಂದ್ರೆ? ಬಸ್ಸು ಅರ್ಧ ನಿಮಿಷ ನಿಲ್ಲುತ್ತಲ್ಲ, ಅದಾ?"

"ಅಪ್ಪಾ!"

"ಹೋಗ್ಲಿ ಬಿಡು. ಸಾಫ್ಟ್ ಬಾಲ್ ತಾನೆ, ಏಟಂತೂ ಆಗಲ್ಲ."

ಆ ಸಾಫ್ಟ್ ಬಾಲು ಒಮ್ಮೆ ಅವರ ಕಾಲ್ಬೆರಳ ಮೇಲೆ ಬಿತ್ತು. ವಾರವಿಡೀ ಕುಂಟುತ್ತಾ, ಅದಕ್ಕೆ ಹೆಸರಿಟ್ಟ ಮಹಾನುಭಾವ ಯಾರೆಂದು ವಿಚಾರಿಸುತ್ತಿದ್ದರು.

ಅವಳ ಜೊತೆ ಹೊರಗೆ ಹೋಗುವುದೂ ಒಂದು ಸಾಹಸವೇ. ನಾಗಸಂದ್ರದಲ್ಲಿ ಮೆಟ್ರೋ ಹತ್ತಿದರೆ ಕಂಬಿ ಹಿಡಿಯುವುದಿಲ್ಲ. ಮೊಣಕಾಲು ಮಡಿಸಿ, ಬೆನ್ನು ಬಗ್ಗಿಸಿ ನಿಲ್ಲುತ್ತಾಳೆ. ಒಮ್ಮೆ ಅಜ್ಜಿಯೊಬ್ಬರು ಸೀಟು ಬಿಟ್ಟು ಎದ್ದರು.

"ಕೂತ್ಕೊಳಮ್ಮ. ಹೊಟ್ಟೆನೋವಾ?"

"ಇಲ್ಲಜ್ಜಿ, ಪ್ರಾಕ್ಟೀಸು."

ಅಜ್ಜಿ ಮೆಲ್ಲಗೆ ನನ್ನ ಕಡೆ ತಿರುಗಿದರು. "ಡಾಕ್ಟ್ರಿಗೆ ತೋರ್ಸಿದ್ರಾ?"

ಡಾಕ್ಟರಿಗೆ ತೋರಿಸುವ ದಿನವೂ ಬಂತು. ಮೊದಲ ವರ್ಷವೇ ತಂಡ ಸೇರಿದ್ದವಳು ಎರಡನೇ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದಳು. ಒಂದು ಪಂದ್ಯದಲ್ಲಿ ಚೆಂಡು ನೆಲಕ್ಕೆ ಬಡಿದು ಪುಟಿದು ಅವಳ ಗದ್ದಕ್ಕೆ ಅಪ್ಪಳಿಸಿತು. ಬೇರೆಯವರಾಗಿದ್ದರೆ ಗದ್ದ ಹಿಡಿದುಕೊಳ್ಳುತ್ತಿದ್ದರು. ಇವಳು ಚೆಂಡು ಹಿಡಿದುಕೊಂಡಳು! ಓಟಗಾರ್ತಿಯನ್ನು ಔಟ್ ಮಾಡಿದ ಮೇಲೆಯೇ ರಕ್ತ ಒರೆಸಿಕೊಂಡದ್ದು. ನಾಲ್ಕು ಹೊಲಿಗೆ ಹಾಕುತ್ತಾ ಡಾಕ್ಟರು, "ಯಾರಮ್ಮ ಹೊಡೆದಿದ್ದು? ಹೆದರ್ಕೋಬೇಡ, ಹೇಳು," ಎಂದರು. ಪಕ್ಕದಲ್ಲಿದ್ದ ನನ್ನನ್ನು ತೋರಿಸಿ ಇವಳು, "ನಮ್ಮ ಅತ್ತಿಗೆ," ಎಂದು ಪರಿಚಯ ಮಾಡಿಕೊಡಬೇಕೇ? ಡಾಕ್ಟರು ನನ್ನನ್ನು ನೋಡಿದ ನೋಟ!

ಮೂರನೇ ವರ್ಷ ಕ್ಯಾಪ್ಟನ್ ಆದಳು. ಎದುರಾಳಿ ಕೋಚುಗಳು "ಅವ್ಳ ಕಡೆ ಹೊಡೀಬೇಡ್ರೇ!" ಎಂದು ಕಿರುಚುವಷ್ಟು ಕೀರ್ತಿ. ಅಂತರ ಕಾಲೇಜು ಫೈನಲ್‌ಗೆ ಮಾವನವರೂ ಬಂದರು, ಮೊದಲ ಬಾರಿಗೆ. ಅರ್ಧ ಆಟದವರೆಗೆ ಎದುರಾಳಿಗಳಿಗೇ ಚಪ್ಪಾಳೆ ಹೊಡೆದರು. ಎರಡು ತಂಡದ ಬಟ್ಟೆಯೂ ನೀಲಿಯಂತೆ!

ಕೊನೆಗೆ ನಮ್ಮವರು ಒಂದೇ ರನ್ ಮುಂದಿದ್ದರು. ಇನ್ನೊಬ್ಬಳು ಔಟಾದರೆ ಕಪ್ ನಮ್ಮದು. ಹೊಡೆತ ನೆಲಕ್ಕೆ ಬಡಿದು ಇವಳ ಬಲಕ್ಕೆ ದೂರ ಸಿಡಿಯಿತು. ಉದ್ದಕ್ಕೆ ಬಿದ್ದು ಹಿಡಿದು, ಮಂಡಿಯ ಮೇಲೆ ನಿಂತೇ ಮೊದಲ ಬೇಸಿಗೆ ಎಸೆದಳು. ಔಟ್! ನಾನು ಕಿರುಚಿದ ರಭಸಕ್ಕೆ ಮಾವನವರ ಕನ್ನಡಕ ಜಾರಿತು.

ಹುಡುಗಿಯರೆಲ್ಲ ಕಪ್‌ನ ಸುತ್ತ ಕುಣಿಯುತ್ತಿದ್ದರು. ಇವಳು ಮಾತ್ರ, ಯಾರೋ ಕೈಗಿತ್ತ ಚೆಂಡು ಹಿಡಿದು, ತನ್ನ ಜಾಗ ಬಿಟ್ಟು ಕದಲಲಿಲ್ಲ. ಹತ್ತಿರ ಹೋದೆ.

"ಕಾಲೇಜು ಮುಗೀತಲ್ಲ ಅತ್ತಿಗೆ," ಎಂದಳು. "ಮುಂದಿನ ತಿಂಗಳಿಂದ ಫ್ಯಾಕ್ಟ್ರಿ ಆಫೀಸು. ಅಲ್ಲಿ ಟೀಮಿಲ್ಲ. ಇನ್ಮೇಲೆ ಇಲ್ಲಿ ಬೇರೆ ಯಾರೋ ನಿಂತ್ಕೋತಾರೆ."

ಅಷ್ಟರಲ್ಲಿ ಮಾವನವರು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಸೀದಾ ಮೊದಲ ಬೇಸಿನ ಮೇಲೆ ಹೋಗಿ ನಿಂತಿದ್ದರು. ಎರಡೂ ಕೈ ಚಾಚಿದರು.

"ಎಸಿ ಪುಟ್ಟಿ. ನಾನಿದೀನಿ."

ಅವಳು ಎಸೆದಳು, ಮಗುವಿಗೆ ಎಸೆಯುವಷ್ಟು ಮೆಲ್ಲಗೆ. ಚೆಂಡು ಅವರ ಬೆರಳುಗಳ ನಡುವೆ ನುಸುಳಿ ಹೋಯಿತು. ಅವರು ಓಡಿ ಹೋಗಿ ಎತ್ತಿಕೊಂಡು, ಅವಳಿಗೆ ವಾಪಸ್ ಎಸೆದು, ಮತ್ತೆ ಬೇಸಿನ ಮೇಲೆ ನಿಂತರು.

"ಇನ್ನೊಂದು."

ಕಣ್ಣೊರೆಸಿಕೊಂಡು ಅವಳು ಇನ್ನೊಂದು ಎಸೆದಳು.