ಮಾವಶಿಯ ಮಾತು ಕೇಳುವ ಸ್ಕ್ರೀನು

ಕಂಪ್ಯೂಟರಿನ ಮುಂದೆ ನಾನು ಜಾಣ ಅಂದುಕೊಂಡ ದಿನವೇ ಯಾರಾದರೂ ಬಂದು ನನ್ನ ಜಂಬ ಇಳಿಸಿ ಹೋಗುತ್ತಾರೆ. ಈ ಸಲ ಆ ಕೆಲಸ ಸದಾಶಿವ ಪೇಠದ ನಮ್ಮ ಕನ್ನಡ ವಾಚನಾಲಯದ ಮಾವಶಿಯ ಪಾಲಿಗೆ ಬಂತು.

ಬೆಳಗಾವಿ ಕಡೆಯ ಮಾವಶಿ, ಅಂದರೆ ನಮಗೆಲ್ಲ ಚಿಕ್ಕಮ್ಮ, ಅಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವವರು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ತೆರೆದರೇ ತೊಂದರೆ, ಸಣ್ಣ ಅಕ್ಷರ ಕಾಣುವುದಿಲ್ಲ. ಕಮಿಟಿಯವರು "ಇನ್ನು ಎಲ್ಲಾ ಕಂಪ್ಯೂಟರಿನ್ಯಾಗ. ಮಾವಶಿಗೆ ಆಗದಿದ್ರ ಬ್ಯಾರೆಯವರನ್ನ ನೋಡೂಣು" ಅಂದುಬಿಟ್ಟಿದ್ದರು. ಸಾಫ್ಟ್‌ವೇರ್ ಬರೆದುಕೊಡಲು ಒಪ್ಪಿದವನು ನಾನು. ನನ್ನಿಂದಾಗಿ ಅವರ ಕುರ್ಚಿ ಹೋದೀತೆಂದು ಒಳಗೊಳಗೇ ಹೆದರಿದ್ದೆ.

೧. ನಾಲ್ಕು ಕಪ್ಪು ಚಹಾ

ವಾಚನಾಲಯದಲ್ಲಿ ಲ್ಯಾಪ್‌ಟಾಪ್ ಚುಚ್ಚಲು ಇದ್ದ ಒಂದೇ ಪ್ಲಗ್ಗು ಪುಸ್ತಕದ ಕಪಾಟಿನ ಹಿಂದೆ. ನಾನು ಅಲ್ಲಿ ಕೂತೆ. ಅಲ್ಲಿಂದ ಉದ್ದ ವೈರು ಎಳೆದು ಮಾವಶಿಯ ಟೇಬಲ್ಲಿಗೆ ಸ್ಕ್ರೀನು, ಕೀಬೋರ್ಡು ಕೊಟ್ಟೆ. ಅವರು "ಅಕ್ಷರ ಕಾಣವಲ್ವು" ಅಂದಾಗಲೆಲ್ಲ ಪ್ರೋಗ್ರಾಮು ಮುಚ್ಚಿ, ಅಳತೆ ಬದಲಿಸಿ, ಮತ್ತೆ ಬಿಲ್ಡ್ ಮಾಡಿ, ಅಂದರೆ ಇಡೀ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಿ, ತೆರೆಯಬೇಕು. ಅದಕ್ಕೆ ನಾಲ್ಕು ನಿಮಿಷ. ಅಷ್ಟರಲ್ಲಿ ಮಾವಶಿ ಚಹಾ ಮಾಡಿಕೊಂಡು ಬರುವರು. ಬಂದು ನೋಡಿದರೆ ಅವರು ಟೈಪು ಮಾಡಿದ್ದೆಲ್ಲ ಮಾಯ.

ನಾಲ್ಕನೆಯ ಕಪ್ಪಿಗೆ ಅವರು ಮೆಲ್ಲಗೆ ಕೇಳಿದರು: "ನಾ ಬರದದ್ದು ತಪ್ಪಾಗೇದಂತ ಅಳಸ್ತೀರೇನ್ರಿ? ಸಾಲ್ಯಾಗ ಮಾಸ್ತರೂ ಹಿಂಗ ಮಾಡ್ತಿದ್ರು."

ಆ ಕಪ್ಪನ್ನೂ ಕುಡಿದೆ.

೨. ಎರಡು ರಜೆ

ಪ್ರೋಗ್ರಾಮು ಮುಚ್ಚದೆಯೇ ನಾವು ಬದಲಿಸಿದ್ದು ತಕ್ಷಣ ಪರದೆಯ ಮೇಲೆ ಕಾಣುವ ಸೌಕರ್ಯವೊಂದಿದೆ, ಲೈವ್ ರೀಲೋಡ್ ಅಂತ. ಅದನ್ನು ಹಚ್ಚಲು ಶನಿವಾರ, ಭಾನುವಾರ ಎರಡೂ ಹಾಳಾದವು. ಇದ್ದದ್ದೆಲ್ಲ ಕಿತ್ತು ಹೊಸದಾಗಿ ಹಾಕಿದೆ. ಪರದೆ ಜಪ್ಪಯ್ಯ ಅನ್ನಲಿಲ್ಲ.

"ಮಾವಶಿಗೆ ಒಂದು ಭೂತಗನ್ನಡಿ ಕೊಡಿಸಿದ್ರ ಮುಗೀತಿತ್ತಲ್ರಿ," ಅಂದಳು ಹೆಂಡತಿ.

ಸೋಮವಾರ ಆಫೀಸಿನ ಮೈಸೂರಿನ ಗೆಳೆಯ ಒಮ್ಮೆ ಇಣುಕಿ ನೋಡಿದ. "ಗುರು, ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ರಿಲೀಸ್ ಅಂತ ಇಟ್ಕೊಂಡಿದ್ದೀಯಲ್ಲ. ಅದು ಜನಕ್ಕೆ ಕೊಡೋದು. ನಾವು ಕೆಲಸ ಮಾಡುವಾಗ ಡೀಬಗ್ ಅಂತ ಇರಬೇಕು. ರೀಲೋಡ್ ಆಗೋದು ಅದರಲ್ಲಿ ಮಾತ್ರ."

ಮಾವಶಿಗೆ ಅರೆಬೆಂದದ್ದು ಕೊಡಬಾರದೆಂದು ಮೊದಲ ದಿನವೇ ರಿಲೀಸ್ ಒತ್ತಿದವನು ನಾನೇ. ಮನೆಗೆ ಬಂದು ಹೆಂಡತಿಗೆ ಹೇಳೋಣವೆಂದರೆ ಅಷ್ಟರಲ್ಲಿ ಭೂತಗನ್ನಡಿ ಬಂದಿತ್ತು.

೩. ಕಮಿಟಿಯ ಮುಂದೆ

ಡೀಬಗ್‌ಗೆ ಹಾಕಿದ ಮೇಲಿನ ದಿನಗಳು ಸುಖದವು. ಮಾವಶಿ ಸ್ಕ್ರೀನಿಗೇ ಮುಖ ಕೊಟ್ಟು "ಸ್ವಲ್ಪ ದೊಡ್ಡದಾಗ್ರಿ" ಅನ್ನುವರು. ಕಪಾಟಿನ ಹಿಂದೆ ನಾನು ಅಳತೆಯ ಅಂಕಿ ಬದಲಿಸುವೆ. ಟೈಪು ಮಾಡಿದ್ದು ಅಲ್ಲೇ ಇದ್ದು ಅಕ್ಷರ ಬೆಳೆಯುವುದು. "ಭಾಳ ಶಾಣ್ಯಾ ಅದರಿ ಇದು" ಎಂದು ಅವರು ಅದರ ನೆತ್ತಿ ಸವರುವರು. ಯಂತ್ರವೇ ತಮ್ಮ ಮಾತು ಕೇಳುತ್ತದೆಂದು ನಂಬಿದ್ದಾರೆ ಅಂದುಕೊಂಡೆ. ನಿಜ ಹೇಳಲು ಮನಸ್ಸಾಗಲಿಲ್ಲ.

ಕಮಿಟಿ ಬರುವ ದಿನ ಎಲ್ಲ ನೀಟಾಗಿರಲಿ ಎಂದು ಮತ್ತೆ ರಿಲೀಸ್‌ಗೆ ಹಾಕಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ. ಚಿಂಚವಾಡದ ಕಾರ್ಖಾನೆಯಿಂದ ನಿವೃತ್ತರಾದ ಅಧ್ಯಕ್ಷರು ಮಾವಶಿಯ ಪಕ್ಕ ನಿಂತು, ಸ್ಕ್ರೀನಿನ ಮೇಲಿದ್ದ ಪುಸ್ತಕಗಳ ಪಟ್ಟಿ ತೋರಿಸಿ, "ಓದ್ರಿ ನೋಡೂಣು" ಅಂದರು.

"ದೊಡ್ಡದಾಗ್ರಿ," ಅಂದರು ಮಾವಶಿ. ನಾನು ಅಂಕಿ ಬದಲಿಸಿದೆ. ಅಕ್ಷರ ಕದಲಲಿಲ್ಲ. ಇನ್ನೊಮ್ಮೆ ಅಂದರು. ಆಗ ನನ್ನ ತಪ್ಪು ಹೊಳೆಯಿತು. ಡೀಬಗ್‌ಗೆ ಹಾಕಿ ಬಿಲ್ಡ್ ಒತ್ತಿದೆ. ಪ್ರೋಗ್ರಾಮು ಮುಚ್ಚಿತು. ನಾಲ್ಕು ನಿಮಿಷ.

ಖಾಲಿ ಸ್ಕ್ರೀನು ನೋಡಿ ಮಾವಶಿ ಎದ್ದರು. "ಚಾ ಮಾಡ್ಕೊಂಡ ಬರ್ತೀನ್ರಿ. ಅಷ್ಟರಾಗ ಅದು ತಯಾರಾಗ್ತದ."

ಕಪ್ಪುಗಳ ಜೊತೆ ಅವರು ಬರುವುದಕ್ಕೂ ಪ್ರೋಗ್ರಾಮು ತೆರೆಯುವುದಕ್ಕೂ ಸರಿಹೋಯಿತು. "ದೊಡ್ಡದಾಗ್ರಿ." ಅಕ್ಷರ ಬೆಳೆದವು. ಮಾವಶಿ ಒಂದೂ ತಪ್ಪದೆ ಹತ್ತು ಪುಸ್ತಕಗಳ ಹೆಸರು ಓದಿದರು. ನನ್ನ ಕಣ್ಣು ಮಂಜಾಯಿತು.

ಅಧ್ಯಕ್ಷರು ಬೆರಗಾಗಿ ತಾವೇ ಆ ಕುರ್ಚಿಯಲ್ಲಿ ಕೂತರು. "ನನಗೂ ಚಲೋ ಕಾಣಸ್ತದಲ್ಲ. ಇನ್ನೂ ದೊಡ್ಡದಾಗು ನೋಡೂಣು," ಎಂದು ಸ್ಕ್ರೀನಿಗೆ ಅಪ್ಪಣೆ ಮಾಡಿದರು. ನನ್ನ ಬೆರಳು ಕೀಲಿಯತ್ತ ಹೋಯಿತು.

ಅದೇ ಬೆರಳುಗಳ ನಡುವೆ ಬಿಸಿ ಕಪ್ಪೊಂದು ಬಂದು ಕೂತಿತು. ಕಪಾಟಿನ ಪಕ್ಕ ಮಾವಶಿ ನಿಂತಿದ್ದರು.

"ನೀವು ಸುಮ್ನ ಚಾ ಕುಡೀರಿ," ಎಂದು ನನಗೆ ಪಿಸುಗುಟ್ಟಿ, ಅಧ್ಯಕ್ಷರಿಗೆ ಕೇಳುವಂತೆ ಹೇಳಿದರು: "ಅದಕ್ಕ ನಿಮ್ಮ ದನಿ ರೂಢಿ ಇಲ್ರಿ. ದಿನಾ ನಾನ ಬಂದು ಕೂಡಬೇಕಾಗ್ತದ."