ಮಾವನ ಎದುರಿನಲ್ಲಿ ವೆಲ್ಡಿಂಗ್

"ಈ ಕಾರಿಗೆ ಬೇರೆ ಯಾರ ಕೈಯೂ ತಾಗಕೂಡದು! ವೆಲ್ಡಿಂಗ್ ಮೆಷೀನು ತಂದು ನಾನೇ ಬೆಸೀತೀನಿ!" ಎಂದು ಗಣಿತದ ಮೇಷ್ಟ್ರು ನಡುಮನೆಯಲ್ಲಿ ನಿಂತು ಘೋಷಿಸಿದರು.

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಘೋಷಣೆ ಮುಗಿದ ಮೇಲೂ ಮಡಚುತ್ತಲೇ ಇದ್ದಳು. ಆ ಮನೆಗೆ ಘೋಷಣೆಗಳೇನೂ ಹೊಸದಲ್ಲ. ಹಿಂದೊಮ್ಮೆ ನಲ್ಲಿ ರಿಪೇರಿಯ ಘೋಷಣೆಯಾಗಿ, ಮೂರು ದಿನ ಮನೆಮಂದಿಯೆಲ್ಲ ಟವೆಲು ಹೆಗಲಿಗೇರಿಸಿಕೊಂಡು ಪಕ್ಕದ ಮನೆಗೆ ಸ್ನಾನಕ್ಕೆ ಹೋಗಿ ಬಂದಿದ್ದರು.

ಈ ಸಲದ ಘೋಷಣೆಗೆ ಕಾರಣ, ಡ್ರೈವರ್ ಸೀಟಿನ ಮುಂದೆ ತುಕ್ಕು ತಿಂದು ಬಿದ್ದ ಒಂದು ತೂತು. ಹೆಂಡತಿ ದಿನವೂ ಆ ಕಾರಿನಲ್ಲೇ ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದಳು.

"ರೀ, ಬ್ರೇಕಿನ ಪಕ್ಕದಲ್ಲಿ ರಸ್ತೆ ಕಾಣ್ತಿದೆ" ಎಂದಳು.

"ರಸ್ತೆ ಕಾಣದೇ ಇದ್ರೆ ತಾನೇ ಭಯ ಪಡ್ಬೇಕು?" ಎಂದರು ಮೇಷ್ಟ್ರು.

ತಮಾಷೆ ಅಲ್ಲಿಗೇ ಮುಗಿಯಿತು. ವಾಹನ ತಪಾಸಣೆಗೆ ಇನ್ನು ನಾಲ್ಕೇ ತಿಂಗಳಿತ್ತು. ಅಲ್ಲಿ ಪಾಸಾಗದಿದ್ದರೆ ಕಾರು ನೇರ ಗುಜರಿಗೆ. ಅದು ಹೆಂಡತಿಯ ಅಪ್ಪ ಹದಿನೆಂಟು ವರ್ಷ ಓಡಿಸಿ, ಮಗಳಿಗೆ ಪಕ್ಕದಲ್ಲಿ ಕೂತು ಡ್ರೈವಿಂಗ್ ಕಲಿಸಿ, ಕೊನೆಗೆ ಬೀಗದಕೈ ಅವಳ ಅಂಗೈಗೆ ಇಟ್ಟ ಕಾರು. ಅದನ್ನು ಗುಜರಿಗೆ ಹಾಕುವ ಮಾತೆತ್ತಿದರೆ ಅವಳ ಕಣ್ಣು ತುಂಬುತ್ತಿತ್ತು.

"ಅಪ್ಪನ್ನ ಒಂದು ಮಾತು ಕೇಳ್ರೀ" ಎಂದಳು.

ಮೇಷ್ಟ್ರಿಗೆ ಆಗದ ಕೆಲಸವೆಂದರೆ ಅದೊಂದೇ! ಮಾವನವರು ಮಹಡಿ ಕೋಣೆಯಲ್ಲೇ ಇದ್ದರು. ಬಸ್ಸಿನ ಬಾಡಿ ಕಟ್ಟುವ ವರ್ಕ್‌ಷಾಪಿನಲ್ಲಿ ಮೂವತ್ತೊಂದು ವರ್ಷ ವೆಲ್ಡರ್ ಆಗಿದ್ದು ನಿವೃತ್ತರಾದವರು. ಮಗಳ ಮದುವೆಯ ದಿನವೇ "ಅಳಿಯಂದಿರ ವಿಷಯದಲ್ಲಿ ನಾನು ಬಾಯಿ ಹಾಕೋದಿಲ್ಲ" ಎಂದು ಶಪಥ ಮಾಡಿ, ಒಂಬತ್ತು ವರ್ಷದಿಂದ ಅದನ್ನು ಅಕ್ಷರಶಃ ಪಾಲಿಸುತ್ತಿದ್ದರು. ಅವರ ಸ್ವಂತ ಮಾವ ಬುದ್ಧಿ ಹೇಳಿ ಹೇಳಿ ಅವರ ಅರ್ಧ ಆಯಸ್ಸು ತಿಂದಿದ್ದರಂತೆ. ಹೀಗಾಗಿ ಅಳಿಯ ಏನು ಮಾಡಿದರೂ ಅವರದು ಒಂದೇ ಮಾತು: "ನಿಮ್ಮಿಷ್ಟ ಅಳಿಯಂದಿರೇ." ಬೈಗುಳವೂ ಇಲ್ಲ, ಭೇಷೂ ಇಲ್ಲ. ಸಾಯುವುದರೊಳಗೆ ಒಮ್ಮೆಯಾದರೂ ಆ ಬಾಯಿಂದ ಭೇಷ್ ಅನ್ನಿಸಿಕೊಳ್ಳಬೇಕೆಂಬುದು ಮೇಷ್ಟ್ರ ಒಳಗಿನ ಆಸೆ. ಹಾಗಿರುವಾಗ ಹೋಗಿ ಅವರನ್ನೇ ಕೇಳುವುದೇ? ಉಂಟೇ!

ಮೇಷ್ಟ್ರು ಮೆಷೀನುಗಳನ್ನು ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ಕೂರಿಸಿದರು. ರಾಡು ಹಾಕಿ ಬೆಸೆಯುವ ಮೆಷೀನು, ತಂತಿ ಬಿಡುತ್ತ ಬೆಸೆಯುವ ಮೆಷೀನು, ಗ್ಯಾಸ್ ಬೇಕಾದದ್ದು, ಬೇಡವಾದದ್ದು, ಒಟ್ಟು ಇಪ್ಪತ್ತಮೂರು ಅಭ್ಯರ್ಥಿಗಳು. ತೂಕಕ್ಕೆ ಹತ್ತು ಅಂಕ, ವೈರಿನ ಉದ್ದಕ್ಕೆ ಐದು, ಹಿಡಿಕೆಯ ಅಂದಕ್ಕೆ ಎರಡು. ಮೊದಲ ಮೌಲ್ಯಮಾಪನದಲ್ಲಿ ಇಬ್ಬರಿಗೆ ಸಮ ಅಂಕ ಬಂದು ಮರುಮೌಲ್ಯಮಾಪನವಾಯಿತು. ಒಂದು ಬಡಪಾಯಿ ಮೆಷೀನು ಎರಡಂಕಕ್ಕೆ ನಪಾಸಾಗುತ್ತಿತ್ತು, ಅದಕ್ಕೆ ಕೃಪಾಂಕ ಕೊಟ್ಟರು. ಹೀಗೆ ನಾಲ್ಕು ತಿಂಗಳು ಮುಗಿಯುತ್ತ ಬಂತು. ಅಷ್ಟರಲ್ಲಿ ನಾಣ್ಯದಷ್ಟಿದ್ದ ತೂತು ಸಾಸರಿನಷ್ಟಾಗಿ, ಸಾಸರಿನಿಂದ ಊಟದ ತಟ್ಟೆಯಷ್ಟಾಯಿತು. ಒಂದು ದಿನ ಸಿಗ್ನಲ್ಲಿನಲ್ಲಿ ಹೆಂಡತಿಯ ಎಡಗಾಲಿನ ಚಪ್ಪಲಿ ಕೆಳಗಿಳಿದು ಹೋಯಿತು. ಹಸಿರು ದೀಪ ಬಂದಿದ್ದರಿಂದ ಅದನ್ನು ಅಲ್ಲೇ ಬಿಟ್ಟು ಬಂದಳು.

"ರಿಸಲ್ಟ್ ಯಾವಾಗ ರೀ?" ಎಂದು ಬರಿಗಾಲಲ್ಲಿ ನಿಂತು ಕೇಳಿದಳು.

ಮರುದಿನವೇ ಮೇಷ್ಟ್ರು ಅಂಗಡಿಗೆ ಹೋದರು. ಅಂಗಡಿಯವನು ಅಂಕಪಟ್ಟಿಯತ್ತ ಕಣ್ಣೂ ಹಾಯಿಸದೆ ಕೇಳಿದ. "ಏನು ಬೆಸೀಬೇಕು ಸಾರ್?"

"ಕಾರಿನ ನೆಲ."

"ಹಂಗಾದ್ರೆ ಈ ಚಿಕ್ಕದು ತಗೊಳ್ಳಿ. ತಂತಿ ಬಿಡೋ ಮೆಷೀನು. ಕಾರಿನ ತಗಡು ತೆಳು, ಜಾಸ್ತಿ ಶಾಖ ಕೊಟ್ರೆ ಕರಗಿ ಹೋಗುತ್ತೆ."

"ಇದು ಎಷ್ಟು ಆಂಪಿಯರು?"

"ನೂರಿಪ್ಪತ್ತು."

"ಅದೋ, ಆ ಮೂಲೇಲಿರೋದು?"

"ಅದು ಇನ್ನೂರೈವತ್ತು ಸಾರ್. ಸೇತುವೆ ಕೆಲಸದವರು ಒಯ್ತಾರೆ."

ನೂರಿಪ್ಪತ್ತಕ್ಕಿಂತ ಇನ್ನೂರೈವತ್ತು ದೊಡ್ಡದು. ಇದರಲ್ಲಿ ಚರ್ಚೆಗೆ ಎಡೆಯೇ ಇಲ್ಲ, ಗಣಿತ! ಅದೂ ಅಲ್ಲದೆ ಮುಂದೊಂದು ದಿನ ಇಡೀ ಕಾರನ್ನೇ ಕಟ್ಟುವ ಯೋಚನೆ ಬಂದರೆ ಚಿಕ್ಕ ಮೆಷೀನಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕೇ? ಸೇತುವೆ ಮೆಷೀನು ಮನೆಗೆ ಬಂತು. ಇಳಿಸಲು ಮೂರು ಜನ ಬೇಕಾಯಿತು.

ಮಾವನವರು ಮೆಷೀನನ್ನು ಒಂದು ಸುತ್ತು ಹಾಕಿ ನೋಡಿದರು. ಅವರ ಗಂಟಲಲ್ಲಿ ಏನೋ ಮೇಲಕ್ಕೆ ಬಂದು ಕೆಳಕ್ಕೆ ಹೋಯಿತು.

"ಹೇಗಿದೆ ಮಾವ?"

"ನಿಮ್ಮಿಷ್ಟ ಅಳಿಯಂದಿರೇ."

ಶನಿವಾರ ಬೆಳಿಗ್ಗೆ ಕೆಲಸ ಆರಂಭ, ಸೋಮವಾರ ತಪಾಸಣೆ. ಮೇಷ್ಟ್ರು ಸೀಟು ಬಿಚ್ಚಿದರು, ಜಾಕು ಕೊಟ್ಟು ಕಾರನ್ನೆತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದರು, ಮುಖಕ್ಕೆ ಮುಖವಾಡ ಹಾಕಿಕೊಂಡರು. ಮಾವನವರು ಒಂದು ಬಕೆಟ್ಟು ನೀರು ತಂದು ಕಾರಿನ ಪಕ್ಕ ಇಟ್ಟು, ತಮ್ಮ ಕಬ್ಬಿಣದ ಮೋಟು ಸ್ಟೂಲಿನ ಮೇಲೆ ಕೂತರು. ಸ್ವಿಚ್ಚು ಹಾಕಿದ ಕೂಡಲೇ ಮನೆಯ ಕರೆಂಟು ಹೋಯಿತು. ಎರಡನೇ ಸಲ ಹಾಕಿದಾಗ ಪಕ್ಕದ ಮನೆಯದೂ ಹೋಯಿತು. ನಲ್ಲಿ ರಿಪೇರಿಯ ಕಾಲದಿಂದ ತಾಳಿಕೊಂಡು ಬಂದಿದ್ದ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಒಂದು ನಿಟ್ಟುಸಿರು ಮಾತ್ರ ಬಿಟ್ಟರು.

ಎಲೆಕ್ಟ್ರಿಷಿಯನ್ ಬಂದು ಬೇರೆ ಲೈನು ಎಳೆದುಕೊಟ್ಟು ಹೋಗುವಷ್ಟರಲ್ಲಿ ಭಾನುವಾರವಾಗಿತ್ತು. ಮೇಷ್ಟ್ರು ಮೆಷೀನಿನ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿದರು. ಇನ್ನೂರೈವತ್ತು ಇರುವುದನ್ನು ತಂದು ಅರವತ್ತರಲ್ಲಿ ಓಡಿಸಲು ಅವರೇನು ಹುಚ್ಚರೇ? ಮೊದಲ ರಾಡು ತಗಡಿಗೆ ಅಂಟಿಕೊಂಡು ಜಪ್ಪಯ್ಯ ಅಂದರೂ ಬರಲಿಲ್ಲ. ಎರಡನೆಯದು ತೂತಿನ ಪಕ್ಕದಲ್ಲಿ ಇನ್ನೊಂದು ತೂತು ಮಾಡಿತು. ಮೂರನೆಯದು ಆ ಎರಡು ತೂತುಗಳನ್ನು ಒಂದು ಮಾಡಿತು. ಮಾವನವರು ಕಣ್ಣು ಮುಚ್ಚಿ ಕೂತಿದ್ದರು. ಒಂದೊಂದು ಸಲ ಚಟಪಟ ಸದ್ದಾದಾಗಲೂ ಅವರ ಬಲಗೈ ತಾನಾಗಿ ಮೇಲೆದ್ದು, ಎಡಗೈ ಅದನ್ನು ಹಿಡಿದು ಕೆಳಗಿಳಿಸುತ್ತಿತ್ತು.

ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ತೂತಿನ ಮೇಲೆ ಹೊಸ ತಗಡು ಇಡಬೇಕು, ಅದು ಜೋತು ಬೀಳದ ಹಾಗೆ ಕೆಳಗಿನಿಂದ ಏನನ್ನಾದರೂ ಆನಿಸಬೇಕು.

"ಮಾವ, ಒಂದೈದು ನಿಮಿಷ ಸ್ಟೂಲು ಕೊಡ್ತೀರಾ?"

ಮಾವನವರು ಎದ್ದರು. ಅಳಿಯನ ಮುಖ ನೋಡಿದರು, ಸ್ಟೂಲು ನೋಡಿದರು, ಮೆಷೀನು ನೋಡಿದರು. "ನಿಮ್ಮಿಷ್ಟ…" ಎನ್ನುತ್ತ ಸ್ಟೂಲನ್ನು ಅಳಿಯನತ್ತ ಸರಿಸಿದರು.

ಈ ಬಾರಿ ರಾಡು ಸೊಗಸಾಗಿ ಉರಿಯಿತು! ಮೇಷ್ಟ್ರು ಸುತ್ತಲೂ ಒಂದು ಪ್ರದಕ್ಷಿಣೆ ಬೆಸೆದು, ಗಟ್ಟಿಯಾಗಿರಲೆಂದು ಇನ್ನೊಂದು ಪ್ರದಕ್ಷಿಣೆ ಹಾಕಿ, ಮುಖವಾಡ ತೆಗೆದು ಬೆವರೊರೆಸಿಕೊಂಡರು. ಒಂದು ಕಡೆಯಿಂದ ದಿಮ್ಮಿ ತೆಗೆದು ಜಾಕು ಇಳಿಸಿದರು. ಜಾಕು ಇಳಿಯಿತು, ಕಾರು ಇಳಿಯಲಿಲ್ಲ. ಬಗ್ಗಿ ಸ್ಟೂಲನ್ನು ಎಳೆದರು. ಇಡೀ ಕಾರು ಅಲ್ಲಾಡಿತು.

ಹೊಸ ತಗಡು ಹೆಚ್ಚುಕಡಿಮೆ ಪೂರಾ ಕರಗಿ ಹೋಗಿತ್ತು. ಕಾರಿನ ನೆಲ ಸ್ಟೂಲಿನ ಮೇಲ್ಭಾಗವನ್ನು ಜನ್ಮಾಂತರದ ಬಂಧುವಿನಂತೆ ಹಿಡಿದುಕೊಂಡಿತ್ತು. ನಾಲ್ಕು ಚಕ್ರದ ಕಾರಿಗೆ ಈಗ ನಾಲ್ಕು ಕಾಲುಗಳೂ ಬಂದಿದ್ದವು.

ಹೆಂಡತಿ ಬಗ್ಗಿ ನೋಡಿದಳು. ನಗಲಿಲ್ಲ. "ನಾಳೆ ಕಾರು ಗುಜರಿಗೆ ಅಲ್ವಾ?" ಎಂದು ಮೆಲ್ಲಗೆ ಕೇಳಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು. ಮೇಷ್ಟ್ರು ಕೈಯಲ್ಲಿದ್ದ ಮುಖವಾಡವನ್ನು ಕೆಳಗಿಟ್ಟರು. ಭೇಷ್ ಹಾಳಾಗಿ ಹೋಗಲಿ, ಇವಳ ಮುಖ ನೋಡುವುದು ಹೇಗೆ? ನೇರ ಮಾವನ ಮುಂದೆ ಹೋಗಿ ನಿಂತರು.

"ಮಾವ, ನನಗೆ ಬರೋದಿಲ್ಲ. ಹೇಗಾದ್ರೂ ಮಾಡಿ ಇದನ್ನ ಉಳಿಸಿಕೊಡಿ."

ಮಾವನವರು ಒಂಬತ್ತು ವರ್ಷ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟರು. "ಕೇಳಿದ್ರಲ್ಲ, ಇನ್ನು ಪರವಾಗಿಲ್ಲ. ಒಳಗೆ ಹೋಗಿ ನೀರು ಕುಡೀರಿ. ಆ ಮುಖವಾಡ ಇತ್ತ ಕೊಡಿ" ಎನ್ನುತ್ತ ಅಂಗಿಯ ತೋಳು ಮಡಚಿದರು. ತಿರುಗಣೆಯನ್ನು ಪೂರಾ ಹಿಂದಕ್ಕೆ ತಂದು, ತೆಳ್ಳನೆಯ ರಾಡು ಸಿಕ್ಕಿಸಿದರು. ಸಂಜೆಯವರೆಗೂ ಹೊರಗೆ ಸದ್ದಾಗುತ್ತಿತ್ತು. ಮೇಷ್ಟ್ರು ಬಂದು ನೋಡಿದಾಗ ಕಾರು ನಾಲ್ಕು ಚಕ್ರದ ಮೇಲೆ ನಿಂತಿತ್ತು, ಸ್ಟೂಲಿನ ನಾಲ್ಕು ಕಾಲುಗಳು ಗೋಡೆಗೆ ಒರಗಿದ್ದವು.

ಸೋಮವಾರ ಮೂವರೂ ತಪಾಸಣೆಗೆ ಹೋದರು. ತಪಾಸಣಾಧಿಕಾರಿ ಕಾರಿನಡಿಗೆ ಇಳಿದು ಸುತ್ತಿಗೆಯಿಂದ ಠಣ್ ಠಣ್ ಎಂದು ಬಡಿದರು. ಹೆಂಡತಿ ಉಸಿರು ಬಿಗಿಹಿಡಿದಳು. ಅಧಿಕಾರಿ ಇನ್ನೆರಡು ಸಲ ಬಡಿದು ಮೇಲೆ ಬಂದು ಠಸ್ಸೆ ಒತ್ತಿದರು.

"ಪಾಸ್. ಒಳ್ಳೇ ಗಟ್ಟಿ ನೆಲ. ಯಾರು ಮಾಡಿದ್ದು?"

"ನಮ್ಮ ಅಳಿಯಂದಿರು" ಎಂದರು ಮಾವನವರು.

ಮೇಷ್ಟ್ರ ಎದೆ ಉಬ್ಬಿತು.

"ನಂದೂ ಇಂಥದೇ ಒಂದು ಹಳೇ ಕಾರಿದೆ. ಈ ಭಾನುವಾರ ತರ್ಲಾ? ನೀವು ಬೆಸೆಯೋದನ್ನ ನಾನೂ ಕೂತು ನೋಡ್ಬೇಕು" ಎಂದರು ಅಧಿಕಾರಿ.

ಉಬ್ಬಿದ ಎದೆ ಅಷ್ಟೇ ವೇಗದಲ್ಲಿ ಇಳಿಯಿತು. ಮೇಷ್ಟ್ರು ಮಾವನ ಮುಖ ನೋಡಿದರು. ಮಾವನವರು ಸೂರು ನೋಡುತ್ತಿದ್ದರು.

"ಇಲ್ಲ ಸಾರ್, ಸುಳ್ಳು ಹೇಳಬಾರದು. ಕೆಲಸವೆಲ್ಲ ನಮ್ಮ ಮಾವನದು. ನಾನು ಅವರ ಸ್ಟೂಲನ್ನ ಕಾರಿಗೆ ಅಂಟಿಸಿದೆ, ಅಷ್ಟೆ."

"ಸ್ಟೂಲಾ?"

"ಹೌದು ಸಾರ್" ಎಂದರು ಮಾವನವರು. "ಮೂವತ್ತೊಂದು ವರ್ಷದಲ್ಲಿ ಎಂಥೆಂಥಾ ಬೆಸುಗೆ ಬಿಡಿಸಿದ್ದೀನಿ, ಇದೊಂದು ಮಾತ್ರ ಬಿಡಲಿಲ್ಲ! ಕೊನೆಗೆ ಕಾಲು ಕತ್ತರಿಸಿ, ಮೇಲಿನ ಪ್ಲೇಟನ್ನ ಅಲ್ಲೇ ಬಿಟ್ಟು ಸುತ್ತ ಮುಚ್ಚಿದೆ. ನೀವೀಗ ಬಡಿದು ನೋಡಿದ್ದು ಅದನ್ನೇ. ಭೇಷ್ ಅನ್ನಲೇಬೇಕು."

ಕೊನೆಗೂ ಬಂತು! ಮೇಷ್ಟ್ರು ಅಧಿಕಾರಿಯ ಎದುರಿಗೇ ಕೈಮುಗಿದು, "ಮಾವ, ನಿಮಗೆ ಇವತ್ತೇ ಹೊಸ ಸ್ಟೂಲು ತಂದುಕೊಡ್ತೀನಿ. ಎಂಥದು ಬೇಕು ಹೇಳಿ" ಎಂದರು.

ಮಾವನವರು ಶಪಥ ಮುರಿದು ಅಳಿಯನಿಗೆ ಮೊಟ್ಟಮೊದಲ ಬುದ್ಧಿಮಾತು ಹೇಳಿದರು.

"ಮರದ್ದು ತನ್ನಿ."